ಗದಗಿನ ಯಂತ್ರ, ತುಮಕೂರಿನ ಯಂತ್ರ

ಶಿಷ್ಯ ಕೇಳಿದ: "ಗುರುಗಳೇ, ವರ್ಷಗಟ್ಟಲೆ ಹುಡುಕಿ ಸಂಪಾದಿಸಿದ್ದನ್ನು ಇನ್ನೊಬ್ಬರಿಗೆ ಕೊಟ್ಟುಬಿಟ್ಟರೆ, ಹುಡುಕಿದವನಿಗೆ ಉಳಿಯುವುದೇನು?"

ಗುರು ಹೇಳಿದರು:

ಗದಗಿನಲ್ಲಿ ಒಬ್ಬ ರೇಡಿಯೊ ರಿಪೇರಿಯವನಿದ್ದ. ಹಳೆಯ ಕಂಪ್ಯೂಟರುಗಳನ್ನು ಕೂಡಿಡುವುದು ಅವನ ಹುಚ್ಚು. ಎಳೆಯ ವಯಸ್ಸಿನಲ್ಲಿ ಒಂದು ವಸ್ತುಪ್ರದರ್ಶನದಲ್ಲಿ ಗಾಜಿನ ಆಚೆ ಒಂದು ಕಂಪ್ಯೂಟರ್ ನೋಡಿದ್ದ. ಮುಟ್ಟಲು ಬಿಟ್ಟಿರಲಿಲ್ಲ. ಆ ಆಸೆ ಹಾಗೇ ಉಳಿದಿತ್ತು.

ಇಂಥ ಹುಚ್ಚಿನವರದೇ ಒಂದು ಬಳಗ. ಬೇರೆ ಬೇರೆ ಊರಿನವರು. ಫೋನಿನಲ್ಲೇ ಹೆಚ್ಚು ಪರಿಚಯ. ಯಾವ ಗುಜರಿಯಲ್ಲಿ ಏನು ಬಂದಿದೆ, ಯಾರ ಹತ್ತಿರ ಯಾವ ಭಾಗ ಇದೆ ಎಂದು ಒಬ್ಬರಿಗೊಬ್ಬರು ತಿಳಿಸುವರು. ತಮ್ಮಲ್ಲಿ ಹೆಚ್ಚಾದದ್ದನ್ನು ಕೊಟ್ಟು ಇಲ್ಲದ್ದನ್ನು ತರುವರು.

ಆ ಬಳಗದಲ್ಲಿ ತುಮಕೂರಿನ ಒಬ್ಬ ಟೈಪಿಂಗ್ ಶಿಕ್ಷಕಿ ಇದ್ದಳು. ಗದಗಿನವನು ಆಸೆಪಟ್ಟಂಥ ಯಂತ್ರದಲ್ಲೇ ಅವಳು ಮೊದಲು ಪಾಠ ಹೇಳಿದ್ದು. ಮುಚ್ಚಿಹೋದ ಒಂದು ನೂಲಿನ ಗಿರಣಿಯ ಗೋದಾಮಿನಲ್ಲಿ ಅಂಥದ್ದೊಂದು ಬಿದ್ದಿದೆ ಎಂಬ ಸುದ್ದಿ ಅವಳಿಗೆ ಸಿಕ್ಕಿತು. ತನಗೂ ಬೇಕಿತ್ತು. ಆದರೂ ಗಿರಣಿ ಅವನ ಊರಿಗೆ ಹತ್ತಿರವೆಂದು ಅವನಿಗೇ ಹೇಳಿದಳು. ಅವನು ಹೋಗಿ ತಂದ. ಮುಂದೆ ಅವಳಿಗೂ ಒಂದು ಸಿಕ್ಕಿತು.

ಎರಡೂ ಕೆಟ್ಟಿದ್ದವು. ಅವನದರ ಪರದೆ ಒಡೆದಿತ್ತು. ಅವಳದರ ಒಳಗಿನ ಒಂದು ಚಿಪ್ ಸುಟ್ಟಿತ್ತು. ಆ ಪರದೆಯನ್ನಾಗಲಿ ಚಿಪ್ಪನ್ನಾಗಲಿ ಈಗ ಯಾರೂ ಮಾಡುವುದಿಲ್ಲ. ಬಳಗದವರೆಲ್ಲ ಹುಡುಕಿದರು, ಸಿಗಲಿಲ್ಲ. ಇವನಲ್ಲಿದ್ದದ್ದು ಅವಳಿಗೆ ಬೇಕು, ಅವಳಲ್ಲಿದ್ದದ್ದು ಇವನಿಗೆ ಬೇಕು. ಇಬ್ಬರಿಗೂ ಅದು ಗೊತ್ತಿತ್ತು. ಇಬ್ಬರೂ ಬಾಯಿಬಿಟ್ಟು ಕೇಳಲಿಲ್ಲ. ಫೋನಿನಲ್ಲಿ ಮಾತು ಅಲ್ಲಿಗೆ ಬಂದಾಗಲೆಲ್ಲ ಮಳೆ ಬೆಳೆಯ ಕಡೆ ತಿರುಗುತ್ತಿತ್ತು.

ಒಂದು ದಿನ ಅವನು ಯಂತ್ರದ ಧೂಳು ಒರೆಸುತ್ತಿದ್ದ. ಒರೆಸುತ್ತಾ ಒರೆಸುತ್ತಾ ಅವನಿಗೆ ಬೇಸರ ಬಂತು. ಕಾಯುತ್ತಾ ಕೂತರೆ ತಾನೂ ಮುದುಕನಾಗುತ್ತೇನೆ, ಆಕೆಯೂ ಮುದುಕಿಯಾಗುತ್ತಾಳೆ, ಯಂತ್ರಗಳು ಗುಜರಿಗೆ ಹೋಗುತ್ತವೆ ಎನಿಸಿತು. ತನ್ನ ಯಂತ್ರದ ಚಿಪ್ಪನ್ನು ಬಿಚ್ಚಲೆಂದು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟ. ಎದ್ದು ಹೋಗಿ ಚಹಾ ಕುಡಿದು ಬಂದ. ಆಮೇಲೆ ಬಿಚ್ಚಿದ. ಅರಿವೆಯಲ್ಲಿ ಸುತ್ತಿಕೊಂಡು ತುಮಕೂರಿನ ಬಸ್ಸು ಹತ್ತಿದ.

ಶಿಕ್ಷಕಿ ಬಾಗಿಲಲ್ಲೇ ನಿಂತು ಅದನ್ನು ನೋಡಿದಳು. "ಇದನ್ನ ನನಗೆ ಕೊಟ್ಟರೆ ನಿಮ್ಮದು ಬರೀ ಡಬ್ಬ ಆಗಿಬಿಡತ್ತಲ್ರೀ?"

"ಈಗೂ ಬರೇ ಡಬ್ಬಿನ ಐತ್ರಿ ಅಕ್ಕಾರ. ಎರಡರಾಗ ಒಂದರೆ ಏಳಲಿ."

ಅವಳ ಯಂತ್ರಕ್ಕೆ ಚಿಪ್ಪನ್ನು ಅವನೇ ಕೂಡಿಸಿದ. ಗುಂಡಿ ಒತ್ತಿದರು. ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು. ಶಿಕ್ಷಕಿ ಕೂತಿದ್ದ ಕುರ್ಚಿಯಿಂದ ಎದ್ದಳು. ಅವನನ್ನು ಕೂರಿಸಿ, ಬೆರಳುಗಳನ್ನು ಎಲ್ಲೆಲ್ಲಿ ಇಡಬೇಕೆಂದು ಹೊಸ ವಿದ್ಯಾರ್ಥಿಗೆ ಹೇಳುವಂತೆ ಹೇಳಿಕೊಟ್ಟಳು. ಅವನು ಒಂದೊಂದೇ ಅಕ್ಷರ ಒತ್ತಿ ತನ್ನ ಹೆಸರು ಬರೆದ. ಅದರ ಕೆಳಗೆ ಅವಳ ಹೆಸರನ್ನೂ ಬರೆದ. ಅಂದು ಅಲ್ಲೇ ಊಟ ಮಾಡಿ ಊರಿಗೆ ಮರಳಿದ.

ಬರಿದಾದ ಪೆಟ್ಟಿಗೆ ಅವನ ಅಂಗಡಿಯಲ್ಲೇ ಇದೆ. ಬಂದವರು, "ಇದು ನಡೀತೈತೇನು?" ಎಂದು ಕೇಳುತ್ತಾರೆ.

"ನಡೀತೈತ್ರಿ, ತುಮಕೂರಿನಾಗ," ಎನ್ನುತ್ತಾನೆ. ಬಿಡುವಾದಾಗ ಹೋಗಿ ನೋಡಿಯೂ ಬರುತ್ತಾನೆ.

ಗುರು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಹಾಗಾದರೆ ಗುರುಗಳೇ, ಕೊನೆಗೆ ಆ ಯಂತ್ರಕ್ಕೆ ಒಡೆಯರು ಯಾರು?"

ಗುರು ಹೇಳಿದರು: "ಕೆಟ್ಟು ಕೂತಿದ್ದಾಗ ಒಂದೊಂದಕ್ಕೂ ಒಬ್ಬೊಬ್ಬರು ಒಡೆಯರಿದ್ದರು, ಮಗು."