ಗಂಜಿಗೆ ಓದಲು ಬಾರದು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಕಚೇರಿಯವರೆಲ್ಲ ಕೂಡಿ ಕೆಲಸ ಮಾಡಲೆಂದು ಹೊಸ ಸಾಫ್ಟ್‌ವೇರ್ ಹಾಕಿಸಿದೆ. ಯಾರ ಕೆಲಸ ಯಾವುದೆಂದು ಅದರಲ್ಲಿ ನಾನೇ ಬರೆದಿಟ್ಟೆ. ಈಗ ತಮ್ಮ ಪಾಲಿನಾಚೆ ಯಾರೂ ಕೈಚಾಚುವುದಿಲ್ಲ. ಜನ ಕೆಟ್ಟವರೋ, ಸಾಫ್ಟ್‌ವೇರ್ ಕೆಟ್ಟದ್ದೋ?"

ಗುರುಗಳು ನಕ್ಕರು. ಎರಡನ್ನೂ ಬಿಡು, ಕತೆ ಕೇಳು ಎಂದರು.

ಒಂದು ನೇಕಾರರ ಕೇರಿ. ಸೀರೆಯ ಉದ್ದದೆಳೆಗಳನ್ನು, ಹಾಸು ಎನ್ನುತ್ತಾರಲ್ಲ, ಅದನ್ನು ಬೀದಿಯುದ್ದಕ್ಕೂ ಬಿಗಿದು ಕಟ್ಟಿ ಗಂಜಿ ಸವರುತ್ತಿದ್ದರು. ಗಂಜಿ ಒಣಗುವುದರೊಳಗೆ ಕುಂಚದಿಂದ ಎಳೆ ಎಳೆ ಬಿಡಿಸಬೇಕು. ಇಲ್ಲವಾದರೆ ನೂಲೆಲ್ಲ ಅಂಟಿ ಹಪ್ಪಳ. ಒಂದು ಮನೆಯವರ ಕೈಯಲ್ಲಿ ಆಗುವ ಕೆಲಸವಲ್ಲ. ಹಾಸು ಕಟ್ಟಿದವರು "ಬನ್ರಪ್ಪಾ" ಎಂದು ಕೂಗು ಹಾಕಿದರೆ, ಎಲೆಯಡಿಕೆ ಮೆಲ್ಲುತ್ತಿದ್ದವರೂ ಎದ್ದು ಬರುತ್ತಿದ್ದರು. ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳುತ್ತಿರಲಿಲ್ಲ. ನೂಲು ಎಲ್ಲಿ ಒಣಗುತ್ತಿದೆಯೋ ಅಲ್ಲಿಗೆ ಕೈ ಹೋಗುತ್ತಿತ್ತು.

ಆ ಸೀರೆಗಳನ್ನು ಕೊಳ್ಳುವ ವ್ಯಾಪಾರಿಗೆ ಇದು ಸಂತೆಯಂತೆ ಕಂಡಿತು. ಮನುಷ್ಯ ಒಳ್ಳೆಯವನೇ, ಅಚ್ಚುಕಟ್ಟಿನ ಹುಚ್ಚು ಅಷ್ಟೆ. ಹಾಸು ಬಿಗಿಯಲು ಬೀದಿಯುದ್ದಕ್ಕೂ ನೆಟ್ಟಿದ್ದ ಗೂಟಗಳ ಮೇಲೆ ಒಬ್ಬೊಬ್ಬರ ಹೆಸರು ಬರೆಸಿದ. ಅವರವರು ಅವರವರ ಗೂಟದ ಬಳಿ. ಇನ್ನು ಕೂಗುವ ಗೊಡವೆ ಬೇಡ, ಗಂಟೆ ನಾನೇ ಹೊಡೆಸುತ್ತೇನೆ ಎಂದ.

ಒಂದು ಬೆಳಿಗ್ಗೆ ನೇಯುವ ಹೆಂಗಸೊಬ್ಬಳು ತನ್ನ ಮಗಳ ಮದುವೆ ಸೀರೆಯ ಹಾಸು ಕಟ್ಟಿದಳು. ಮದುವೆ ಹತ್ತಿರವಿತ್ತು, ಇದು ಕೆಟ್ಟರೆ ಇನ್ನೊಂದು ನೇಯಲು ಹೊತ್ತಿರಲಿಲ್ಲ. ಗಂಟೆ ಹೊಡೆಯಿತು. ಎಲ್ಲರೂ ಬಂದರು. ಬನಪ್ಪನೆಂಬವನಿಗೆ ಮಾತ್ರ ಜ್ವರ. ಅವನ ಗೂಟದ ಬಳಿ ಗಂಜಿ ಬಿಗಿಯತೊಡಗಿತು. ಅತ್ತ ಸರಿಯಬಾರದೇ ಎಂದು ವ್ಯಾಪಾರಿ ಪಕ್ಕದವನನ್ನು ಗದರಿದ.

"ಅದು ಬನಪ್ಪನ ಗೂಟ, ಧಣಿ. ನೀವೇ ಬರೆಸಿದ್ದು."

"ಗಂಜಿಗೆ ಓದೋಕೆ ಬರಲ್ಲ ಧಣಿ, ಒಣಗ್ತಾ ಇದೆ" ಎಂದಳು ಆಕೆ.

ವ್ಯಾಪಾರಿ ತಾನೇ ಕುಂಚ ಹಿಡಿದ. ಬಿಡಿಸಿದ್ದಕ್ಕಿಂತ ಅಂಟಿಸಿದ್ದೇ ಹೆಚ್ಚು. ಪಂಚೆಯೆಲ್ಲ ಗಂಜಿ. ಕೊನೆಗೆ ಸಂಕೋಚ ಬಿಟ್ಟು, ಬೀದಿಗೆಲ್ಲ ಕೇಳುವಂತೆ ಕೂಗಿದ: "ನನ್ನಿಂದ ಆಗ್ತಿಲ್ಲ. ಬನ್ರಪ್ಪಾ."

ಜನ ಗೂಟಗಳನ್ನು ಬಿಟ್ಟು ಬಂದರು. ಹಾಸು ಉಳಿಯಿತು. ಮದುಮಗಳು ಆ ಸೀರೆಯನ್ನೇ ಉಟ್ಟು ಹಸೆಗೆ ಕೂತಳು. ಊಟದ ಪಂಕ್ತಿಯಲ್ಲಿ ವ್ಯಾಪಾರಿಯ ಎಲೆಗೆ, ಸಾಕು ಸಾಕು ಎಂದರೂ, ಹೋಳಿಗೆ ಬೀಳುತ್ತಲೇ ಇತ್ತು.

ಕತೆ ಮುಗಿಯಿತು. ಶಿಷ್ಯ ಕೇಳಿದ: "ಹಾಗಾದರೆ ಆ ಸಾಫ್ಟ್‌ವೇರ್ ತೆಗೆಸಿಬಿಡಲೇ?"

"ಇರಲಿ ಬಿಡಪ್ಪ, ನನ್ನಿಂದ ಆಗುತ್ತಿಲ್ಲ ಎಂದು ಅದರಲ್ಲಿ ನೀನು ಯಾವತ್ತಾದರೂ ಬರೆದಿದ್ದೀಯಾ?"