ಮೂಗು ಕಳೆದುಕೊಂಡ ರಾಜ

ಮಕ್ಕಳೇ, ಗೋವಾವನ್ನು ಪೋರ್ಚುಗೀಸರು ಆಳುತ್ತಿದ್ದ ಕಾಲದ ಬೆಳ್ಳಿ ನಾಣ್ಯ ಕೂಡಿಡುವುದರಲ್ಲಿ ಕಾರವಾರದಿಂದ ಕಾಸರಗೋಡಿನವರೆಗೆ ನಿಮ್ಮ ಈ ಮಾವನನ್ನು ಮೀರಿಸಿದವರಿಲ್ಲ. ಆ ರಾಜರೇ ಎದ್ದು ಬಂದರೂ, "ಮಾವಾ, ಇದರಲ್ಲಿರುವ ತಲೆ ನನ್ನದೋ ನಮ್ಮಪ್ಪನದೋ?" ಎಂದು ನನ್ನನ್ನೇ ಕೇಳಬೇಕು. ಕಣ್ಣು ಮುಚ್ಚಿ, ಮೂಸಿ ನೋಡಿ ಇಸವಿ ಹೇಳಿಬಿಡುತ್ತೇನೆ! ಇಷ್ಟಿದ್ದೂ ಒಂದೇ ಒಂದು ನಾಣ್ಯ ಮಾತ್ರ ಹನ್ನೊಂದು ವರ್ಷ ಹುಡುಕಿದರೂ ಸಿಕ್ಕಿರಲಿಲ್ಲ.

ಒಂದು ದಿನ ಮೀನು ಮಾರುವ ಆಂಜೆಲಿನ್ ಬಾಯಿ ಅದನ್ನೇ ಸೆರಗಿನ ಗಂಟಿನಿಂದ ಬಿಚ್ಚಿ ನನ್ನ ಮುಂದಿಟ್ಟಳು. ಗೋವಾದ ಅಜ್ಜಿ ಕೊಟ್ಟದ್ದಂತೆ. ಕಾಡಿಗೆಯಷ್ಟು ಕಪ್ಪು. ಆದರೆ ರಾಜನ ಮೂಗು, ಮೀಸೆ, ತಲೆಯ ಒಂದೊಂದು ಕೂದಲೂ ಹಾಗೇ ಇತ್ತು.

"ಮಧ್ಯಾಹ್ನ ಆಗೋದರೊಳಗೆ ಮೀನು ಕೆಡ್ತದೆ ಅಣ್ಣಾ. ಒಂದು ಐಸ್ ಪೆಟ್ಟಿಗೆ ತಗೊಳ್ಳುವಷ್ಟು ಬಂದ್ರೆ ಸಾಕು," ಎಂದಳು.

ಆ ನಾಣ್ಯಕ್ಕೆ ಐದು ಪೆಟ್ಟಿಗೆ ಬರುತ್ತಿತ್ತು! ಆದರೆ ಚೌಕಾಸಿಯ ಚಾಳಿ ನೋಡಿ, ಮುಖ ಸಿಂಡರಿಸಿದೆ.

"ಅರ್ಧ ಪೆಟ್ಟಿಗೆಯೂ ಬರೋದಿಲ್ಲ ಬಾಯಿ. ಎಷ್ಟು ಕಪ್ಪಾಗಿದೆ ನೋಡು! ಇಂಥ ಕೊಳಕು ನಾಣ್ಯ ಯಾರು ಮುಟ್ತಾರೆ?"

ಅವಳ ಮುಖ ಸಪ್ಪಗಾಯಿತು. "ಹೌದು ಅಣ್ಣಾ, ಹೀಗೇ ತರಬಾರದಿತ್ತು," ಎಂದು ಎತ್ತಿಕೊಂಡು ಹೋದಳು. ನಾನು ಮೀಸೆ ತಿರುವಿದೆ. ನಾಳೆ ಅರ್ಧ ಬೆಲೆಗೆ ತಂದೇ ತರುತ್ತಾಳೆ!

ತಂದಳು. ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿ ಸಂಜೆಯೆಲ್ಲ ಉಜ್ಜಿದ್ದಳಂತೆ. ನಾಣ್ಯ ಹೊಸ ಚಮಚದಂತೆ ಥಳಥಳ. ರಾಜನಿಗೆ ಮೂಗಿಲ್ಲ, ಮೀಸೆಯಿಲ್ಲ. ಸಿಪ್ಪೆ ಸುಲಿದ ಮೊಟ್ಟೆಯಾಗಿದ್ದ.

ಹಳೆ ಬೆಳ್ಳಿಯ ಮೇಲಿನ ಕಪ್ಪು ಕೊಳೆಯಲ್ಲ ಮಕ್ಕಳೇ. ಅದನ್ನು ಯಾರೂ ಉಜ್ಜಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ. ಅದಿದ್ದರೇ ನಮ್ಮಂಥವರು ಮುಗಿಬೀಳುವುದು. ಈಗ ನನ್ನ ಮುಂದಿದ್ದದ್ದು ಬರೀ ಒಂದು ತೊಲ ಬೆಳ್ಳಿ.

ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅವಳಿಗೆ ಗಾಬರಿ. "ಇನ್ನೂ ಕೊಳಕಿದೆಯಾ ಅಣ್ಣಾ? ಮತ್ತೊಮ್ಮೆ ಉಜ್ಜಿ ತರ್ಲಾ?"

ಅವಳ ಹೆಬ್ಬೆರಳ ಚರ್ಮ ಸುಲಿದುಹೋಗಿತ್ತು.

"ಬೇಡ ಬಾಯಿ," ಎಂದೆ. "ನಿನ್ನೆ ನಾನು ಸುಳ್ಳು ಹೇಳಿದೆ. ಕಪ್ಪಿದ್ದಾಗಲೇ ಅದಕ್ಕೆ ಬೆಲೆ ಇತ್ತು."

"ಅಯ್ಯೋ! ಅಜ್ಜಿಯ ನಾಣ್ಯ ನಾನೇ ಕೈಯಾರೆ ಹಾಳು ಮಾಡಿದ್ನಾ?"

"ನೀನಲ್ಲ. ಆ ಮೂಗು ಸವೆಸಿದ್ದು ನನ್ನ ನಾಲಿಗೆ."

ಐದು ಪೆಟ್ಟಿಗೆಯ ಬೆಲೆಯನ್ನೇ ಕೊಟ್ಟೆ. ಧಾರಾಳ ಎನ್ನಬೇಡಿ, ಕೊಡುವ ಮೊದಲು ನೋಟುಗಳನ್ನು ಮೂರು ಸಲ ಎಣಿಸಿದೆ. ಅವಳು ದುಡ್ಡನ್ನು ಸೆರಗಿಗೆ ಗಂಟು ಹಾಕಿಕೊಂಡು, ಬುಟ್ಟಿ ತಲೆಗೇರಿಸಿ, ಹೊಸ್ತಿಲಲ್ಲಿ ತಿರುಗಿದಳು.

"ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಹಳಸಿದ ಬಂಗುಡೆಯನ್ನು ನಾನು ತಾಜಾ ಅಂದಿಲ್ಲ. ನೀವು ತಾಜಾ ಇದ್ದದ್ದನ್ನೇ ಹಳಸಿದ್ದು ಅಂದ್ರಲ್ಲ ಅಣ್ಣಾ!"

ನೀತಿ: ಅಗ್ಗಕ್ಕೆ ಕೊಳ್ಳುವ ಆಸೆಯಿಂದ ಒಳ್ಳೆಯದರಲ್ಲಿ ಇಲ್ಲದ ಕುಂದು ಹೇಳಬೇಡಿ. ನಿಮ್ಮ ಮಾತು ನಂಬಿದವರು ಆ ಕುಂದನ್ನು ತಿದ್ದಲು ಹೋಗಿ, ಇದ್ದ ಒಳ್ಳೆಯದನ್ನೂ ಕಳೆದುಕೊಳ್ಳುತ್ತಾರೆ.