ಉದುರದ ಭತ್ತ

ಭತ್ತದ ಸಂಶೋಧನಾ ಕೇಂದ್ರವಿದ್ದ ಒಂದೂರಲ್ಲಿ ಬೋರೇಶನೆಂಬ ಪೆದ್ದನಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವನ ತಾಯಿಗೆ ತಲೆನೋವು. ತಾಯಿ ಜಯಶೀಲಮ್ಮ ಬಿ.ಎ. ಪಾಸಾದವರು. ಮಗನಿಗೆ ಹೇಳಿದ ಪ್ರತಿ ಬುದ್ಧಿಮಾತನ್ನೂ ತಾರೀಖು ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು.

ಕೇಂದ್ರದ ಅನಸೂಯಾ ಮೇಡಂ ಭತ್ತದ ಯಾವ ಜೀನು ಯಾವ ಕೆಲಸ ಮಾಡುತ್ತದೆಂದು ಹುಡುಕುತ್ತಿದ್ದರು. ಗಿಡದೊಳಗೆ ಹೊರಗಿನ ಡಿಎನ್‌ಎ ತುಣುಕೊಂದನ್ನು ಸೇರಿಸುವುದು. ಅದು ಯಾವ ಜೀನಿನ ನಡುವೆ ಹೋಗಿ ಕೂರುತ್ತದೋ ಆ ಜೀನು ಕೆಡುತ್ತದೆ. ಆಗ ಗಿಡದಲ್ಲಿ ಏನು ತಪ್ಪಿತೋ ಅದೇ ಆ ಜೀನಿನ ಕೆಲಸ. ಗದ್ದೆ ಕಾಯಲು ಬೋರೇಶನನ್ನು ಇಟ್ಟುಕೊಂಡರು. ಸುಗ್ಗಿಗೆ ಹಣ ಕೊಡುವ ಸಮಿತಿಯವರು ಬಂದು ಮೆಚ್ಚಿದರೆ ಮೇಡಂ ಸಂಶೋಧನೆಯೂ ಉಳಿಯುತ್ತದೆ, ಇವನ ಕೆಲಸವೂ ಉಳಿಯುತ್ತದೆ.

ಸಾಲಿನಲ್ಲಿ ಬೇರೆ ಥರ ಕಂಡದ್ದನ್ನು ಕಿತ್ತುಬಿಡು ಎಂದು ತಾಯಿ ಹೇಳಿ ಕಳಿಸಿದರು. ಮನೆ ಗದ್ದೆಯಲ್ಲಿ ಬೆರಕೆ ಕೀಳುವುದು ಹಾಗೇ. ಬೋರೇಶ ಹೋದ. ಗಿಡ್ಡದ್ದನ್ನು ಕಿತ್ತ, ಬಿಳಿಚಿದ್ದನ್ನು ಕಿತ್ತ, ಎಲೆ ಸುರುಳಿಯಾದದ್ದನ್ನು ಕಿತ್ತ. ಮೇಡಂ ಹುಡುಕುತ್ತಿದ್ದದ್ದು ಅವನ್ನೇ. ಮೇಡಂ ಬೈದರು, ತಾಯಿ ಬೈದರು. ಇನ್ನು ಮೇಲೆ ಬೇರೆ ಥರ ಕಂಡದ್ದನ್ನು ಮುಟ್ಟಬೇಡ, ಚೀಟಿ ಕಟ್ಟಿ ಬಾ ಎಂದು ತಾಯಿ ಹೇಳಿ ಬರೆದುಕೊಂಡರು.

ಮರುವಾರ ಸಾಲಿನಲ್ಲಿ ಬೇರೆ ಥರ ಕಂಡದ್ದು ಒಂದು ಎಮ್ಮೆ. ಬೋರೇಶ ಕೊಂಬಿಗೆ ಚೀಟಿ ಕಟ್ಟಿದ, ತಾರೀಖು ಬರೆದ, ಮುಟ್ಟದೆ ಬಂದ. ಎಮ್ಮೆ ಸಂಜೆವರೆಗೆ ಮೇಯಿತು.

"ಓಡಿಸೋದಲ್ವೇನೋ ದಡ್ಡ?"

"ಮುಟ್ಟಬೇಡ ಅಂದಿದ್ದೆಯಲ್ಲವ್ವ."

ಉಳಿದದ್ದು ನಾಲ್ಕೇ ಸಾಲು. ತೆನೆ ಬಲಿತಾಗ ಆ ಸಾಲುಗಳ ಕಾಳು ಮುಟ್ಟಿದರೆ ಉದುರುತ್ತಿತ್ತು. ಒಂದು ಗಿಡದ್ದು ಮಾತ್ರ ಎಷ್ಟು ಅಲ್ಲಾಡಿಸಿದರೂ ಉದುರಲಿಲ್ಲ. ಕಾಳು ಉದುರಿಸುವ ಜೀನೇ ಅದರಲ್ಲಿ ಕೆಟ್ಟಿತ್ತು. ಮೇಡಂ ಅದರ ಮುಂದೆ ಕೆಸರಲ್ಲೇ ಕುಳಿತುಬಿಟ್ಟರು.

"ಮೂರು ವರ್ಷಕ್ಕೆ ಇದೊಂದು ಸಿಕ್ಕಿದೆ ಬೋರೇಶ. ನಾಳೆ ಸಮಿತಿಯವರು ಎರಡು ಥರದ್ದನ್ನೂ ಅಲ್ಲಾಡಿಸಿ ನೋಡ್ತಾರೆ."

ತಾಯಿಗೆ ಹಕ್ಕಿಯ ಭಯ, ಗಾಳಿಯ ಭಯ. ಸಮಿತಿಯವರು ಬರುವವರೆಗೆ ಗದ್ದೆಯಲ್ಲಿ ಒಂದು ಕಾಳೂ ನೆಲಕ್ಕೆ ಬೀಳಬಾರದು ಎಂದು ಮೂರು ಸಲ ಹೇಳಿದರು. ಬೋರೇಶ ಮೂರು ಸಲ ತಲೆಯಾಡಿಸಿದ.

ಬೆಳಿಗ್ಗೆ ಸಮಿತಿಯ ಹಿರಿಯರು ಮೇಡಂ ತೋರಿಸಿದ ಗಿಡ ಅಲ್ಲಾಡಿಸಿದರು. ಉದುರಲಿಲ್ಲ. ಪಕ್ಕದ್ದನ್ನು ಅಲ್ಲಾಡಿಸಿದರು. ಅದೂ ಉದುರಲಿಲ್ಲ. ಮೂರನೆಯದನ್ನು ಹಿಡಿದರು, ತೆನೆ ಕೈಗೇ ಅಂಟಿಕೊಂಡಿತು.

"ಇವೆಲ್ಲ ಒಂದೇ ಅಲ್ವೇನಮ್ಮ? ವ್ಯತ್ಯಾಸ ಎಲ್ಲಿ?"

ಬೋರೇಶ ಕೈಮುಗಿದು ಮುಂದೆ ಬಂದ.

"ಒಂದು ಕಾಳೂ ಬೀಳಲ್ಲ ಸಾರ್. ಎರಡು ಬಕೆಟ್ ಮೈದಾ ಅಂಟು ಕಾಯಿಸಿ ತೆನೆತೆನೆಗೂ ಬಳಿದಿದೀನಿ. ಆ ಗಿಡಕ್ಕೆ ಮಾತ್ರ ಬಳಿದಿಲ್ಲ. ಅದು ಉದುರೋದೇ ಇಲ್ವಲ್ಲ, ಅಂಟು ಯಾಕೆ ದಂಡ ಅಂತ."